ಒಳ್ಳೆಯ ಸದ್ದಿನ ಇಂಟರ್ನೆಟ್ ರೇಡಿಯೋ ಹುಡುಕುವುದು ಹೇಗೆ?

ಇಂಟರ್ನೆಟ್ ರೇಡಿಯೋ ಅಂದರೆ ಸದ್ದು ಸುಮಾರಾಗಿಯೇ ಇರುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ನಿಜವಲ್ಲ. ಸಿಡಿಗೆ ಸಮನಾದ ಸದ್ದನ್ನು ಒಂದಿಷ್ಟೂ ಕಳೆಯದೆ ಕಳಿಸುವ ಸ್ಟೇಷನ್‌ಗಳು ಇವೆ. ಅವನ್ನು ಕೇಳಲು ದುಡ್ಡು ಕೊಡಬೇಕಾಗಿಯೂ ಇಲ್ಲ. ತೊಂದರೆ ಇರುವುದು ಹುಡುಕುವುದರಲ್ಲಿ. ಆ್ಯಪ್ ತೆರೆದರೆ ಸಾವಿರಾರು ಹೆಸರು ಬರುತ್ತವೆ. ಯಾವುದರ ಸದ್ದು ಚೆನ್ನಾಗಿದೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಸುಮ್ನೆ ಮೊದಲು ಕಂಡದ್ದನ್ನು ಒತ್ತುತ್ತೇವೆ, ಅದೇ ಅಭ್ಯಾಸವಾಗಿಬಿಡುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಟೇಷನ್ ಎದುರು 320 ಎಂಬ ಅಂಕಿ, ಅಂದರೆ ಸೆಕೆಂಡಿಗೆ 320 ಕಿಲೋಬಿಟ್ ಮಾಹಿತಿ ಎಂದು ಕಂಡ ಕೂಡಲೇ ನಂಬಬೇಡಿ. ಅದು ಸ್ಟೇಷನ್‌ನಿಂದ ಸದ್ದು ಹೊರಡುವಾಗಿನ ಅಳತೆ ಮಾತ್ರ. ಸ್ಟೇಷನ್‌ನವರ ಹತ್ತಿರ ಇರುವ ಹಾಡಿನ ಫೈಲ್ ಹೇಗಿದೆ? ಅದನ್ನು ಎಷ್ಟು ಸಲ ಕುಗ್ಗಿಸಿದ್ದಾರೆ? ಜೋರಾಗಿ ಕೇಳಲಿ ಎಂದು ಎಷ್ಟು ಹಿಗ್ಗಿಸಿದ್ದಾರೆ? ಇವೆಲ್ಲ ಆ ಅಂಕಿಯಲ್ಲಿ ಕಾಣುವುದಿಲ್ಲ. ಸದ್ದಿನ ಬಗ್ಗೆ ಕಾಳಜಿ ಇರುವ ಮನುಷ್ಯರು ನಡೆಸುವ ಸ್ಟೇಷನ್ ಬೇಕು ನಮಗೆ. ಅಂಥದ್ದನ್ನು ಗುರುತಿಸುವ ದಾರಿಗಳನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲು ನಿಮ್ಮ ಕಡೆಯದನ್ನು ಸರಿ ಮಾಡಿಕೊಳ್ಳಿ

ಫೋನ್ ಅಥವಾ ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರ್‌ನಲ್ಲಿ ಕೇಳಿ ಸ್ಟೇಷನ್ ಆರಿಸಲು ಆಗುವುದಿಲ್ಲ. ಅದರಲ್ಲಿ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಕೇಳುತ್ತವೆ. ತಂತಿ ಇರುವ ಒಂದು ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು, ವ್ಯತ್ಯಾಸ ತಿಳಿಯುತ್ತದೆ.

ತಂತಿ ಯಾಕೆ ಅಂದರೆ, ಬ್ಲೂಟೂತ್ ಸದ್ದನ್ನು ಇನ್ನೊಂದು ಸಲ ಕುಗ್ಗಿಸುತ್ತದೆ. ಎಲ್ಲ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲೂ ಇರುವ ಎಸ್‌ಬಿಸಿ ಎಂಬ ವಿಧಾನ ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್ ದಾಟುವುದಿಲ್ಲ. ಎಲ್‌ಡಿಎಸಿ ಎಂಬ ಇನ್ನೊಂದು ವಿಧಾನ ಇದ್ದರೆ 990ರವರೆಗೂ ಹೋಗುತ್ತದೆ, ಆದರೆ ಫೋನ್ ಮತ್ತು ಹೆಡ್‌ಫೋನ್ ಎರಡರಲ್ಲೂ ಅದು ಇರಬೇಕು. ದಿನನಿತ್ಯ ಕೇಳಲು ಬ್ಲೂಟೂತ್ ಧಾರಾಳವಾಗಿ ಬಳಸಿ. ಸ್ಟೇಷನ್ ಪರೀಕ್ಷೆ ಮಾಡುವಾಗ ಮಾತ್ರ ಬೇಡ.

ಈಕ್ವಲೈಸರ್, ಬಾಸ್ ಬೂಸ್ಟ್, ಸರೌಂಡ್ ಎಂದೆಲ್ಲ ಏನೇನು ಹಾಕಿಕೊಂಡಿದ್ದೀರೋ ಅವನ್ನೆಲ್ಲ ಆಫ್ ಮಾಡಿ. ರೇಡಿಯೋ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಡೇಟಾ ಉಳಿಸುವ ಆಯ್ಕೆ ಆನ್ ಆಗಿದೆಯಾ ನೋಡಿ. ಅದು ಆನ್ ಇದ್ದರೆ ಆ್ಯಪ್ ನಿಮಗೆ ಹೇಳದೇ ಕಡಿಮೆ ಗುಣಮಟ್ಟದ ಸ್ಟ್ರೀಮ್, ಅಂದರೆ ನೆಟ್‌ನಲ್ಲಿ ಹರಿದು ಬರುವ ಸದ್ದು, ಕೊಡುತ್ತಿರುತ್ತದೆ.

ಬಿಟ್‌ರೇಟ್ ಮತ್ತು ಕೋಡೆಕ್: ಎರಡನ್ನೂ ಒಟ್ಟಿಗೆ ನೋಡಿ

ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಮಾಹಿತಿ ಬಳಸುತ್ತಾರೆ ಎನ್ನುವುದು ಬಿಟ್‌ರೇಟ್. ಸಿಡಿಯಲ್ಲಿ ಇದು 1,411 ಕಿಲೋಬಿಟ್. ಇಂಟರ್ನೆಟ್ ರೇಡಿಯೋಗಳಲ್ಲಿ ಸಾಮಾನ್ಯವಾಗಿ 32ರಿಂದ 320ರವರೆಗೆ ಕಾಣುತ್ತದೆ. ಅಂದರೆ ಬಹುಪಾಲು ಮಾಹಿತಿಯನ್ನು ಕಳೆದು ನಮಗೆ ಕಳಿಸುತ್ತಿದ್ದಾರೆ. ಕಿವಿಗೆ ಗೊತ್ತಾಗದ ಹಾಗೆ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂದು ತೀರ್ಮಾನ ಮಾಡುವುದೇ ಕೋಡೆಕ್‌ನ ಕೆಲಸ. ಈ ಕೆಲಸದಲ್ಲಿ ಒಂದು ಕೋಡೆಕ್ ಚುರುಕು, ಇನ್ನೊಂದು ಅಷ್ಟಕ್ಕಷ್ಟೆ. ಹಾಗಾಗಿ ಬರೀ ಬಿಟ್‌ರೇಟ್ ನೋಡಿ ಎರಡು ಸ್ಟೇಷನ್‌ಗಳನ್ನು ಹೋಲಿಸಲು ಬರುವುದಿಲ್ಲ.

ಎಂಪಿ3 ಎಲ್ಲಕ್ಕಿಂತ ಹಳೆಯದು, ಎಲ್ಲ ಕಡೆ ನಡೆಯುತ್ತದೆ. 128 ಕಿಲೋಬಿಟ್ ಎಂಪಿ3 ಮಾತಿಗೆ ಸಾಕು, ಸಂಗೀತಕ್ಕೆ ಸಾಲದು. 192ರಲ್ಲಿ ಸದ್ದು ಚೆನ್ನಾಗಿರುತ್ತದೆ. 256 ಅಥವಾ 320 ಆದರೆ, ಮೂಲದ ಫೈಲ್ ಒಳ್ಳೆಯದಿದ್ದ ಪಕ್ಷದಲ್ಲಿ, ಸಿಡಿಗೂ ಅದಕ್ಕೂ ವ್ಯತ್ಯಾಸ ಹೇಳುವುದು ಬಹಳ ಜನರಿಗೆ ಕಷ್ಟ.

ಎಎಸಿ ಅದಕ್ಕಿಂತ ಚುರುಕು. 128 ಕಿಲೋಬಿಟ್ ಎಎಸಿ ಕೇಳಲು ಹಿತವಾಗಿಯೇ ಇರುತ್ತದೆ. 192 ದಾಟಿದರೆ ನಾನು ಕಣ್ಣು ಮುಚ್ಚಿ ಒಪ್ಪಿಕೊಳ್ಳುತ್ತೇನೆ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಎಎಸಿ ಎಂಬ ಹೆಸರಿನಲ್ಲೇ ಬೇರೆ ಬೇರೆ ಬಗೆಗಳಿವೆ. ಎಎಸಿ-ಎಲ್‌ಸಿ ಎಂದಿದ್ದರೆ ಅದು ಪೂರ್ಣ ಪ್ರಮಾಣದ್ದು. ಎಎಸಿ ಪ್ಲಸ್ ಅಥವಾ ಎಚ್ಇ-ಎಎಸಿ ಎಂದಿದ್ದರೆ ಅದು ಕಡಿಮೆ ಡೇಟಾದಲ್ಲಿ ಕೆಲಸ ಸಾಗಿಸಲು ಮಾಡಿದ್ದು. ಅದು ಸದ್ದಿನ ಕೆಳಭಾಗವನ್ನು, ಅಂದರೆ ನಿಧಾನ ಕಂಪನಗಳನ್ನು ಮಾತ್ರ ನೇರವಾಗಿ ಕಳಿಸುತ್ತದೆ. ಮೇಲಿನ ಕಂಪನಗಳನ್ನು ಒಂದಿಷ್ಟು ಸುಳಿವುಗಳ ಸಹಾಯದಿಂದ ನಿಮ್ಮ ಫೋನೇ ಊಹಿಸಿ ಕಟ್ಟಿಕೊಳ್ಳುತ್ತದೆ. ಇದರ ಎರಡನೇ ಆವೃತ್ತಿಯಲ್ಲಿ ಸ್ಟೀರಿಯೋ ಕೂಡ ಹಾಗೆಯೇ: ಬರುವುದು ಒಂದೇ ವಾಹಿನಿ, ಎಡ-ಬಲ ಹಂಚಿಕೆ ಆಮೇಲೆ ಆಗುತ್ತದೆ. ನೆಟ್ ನಿಧಾನವಿರುವಲ್ಲಿ ಇದು ದೊಡ್ಡ ಉಪಕಾರ. 48 ಕಿಲೋಬಿಟ್‌ನಲ್ಲಿ ಅಷ್ಟು ಚೆನ್ನಾಗಿ ಕೇಳಿಸುತ್ತದಲ್ಲ ಎಂದು ಆಶ್ಚರ್ಯವಾಗುತ್ತದೆ. ಆದರೆ ಅತ್ಯುತ್ತಮ ಸದ್ದು ಹುಡುಕುವವರು ಇಲ್ಲಿ ನಿಲ್ಲಬಾರದು.

ಓಗ್ ವೋರ್ಬಿಸ್ ಮತ್ತು ಓಪಸ್ ಎರಡೂ ಯಾರ ಹಂಗಿಲ್ಲದ ಮುಕ್ತ ಕೋಡೆಕ್‌ಗಳು. 2012ರಲ್ಲಿ ಅಧಿಕೃತವಾಗಿ ಬಂದ ಓಪಸ್ ಬಹಳ ಸಮರ್ಥ, 128 ಕಿಲೋಬಿಟ್‌ನಲ್ಲೇ ಮನಸ್ಸು ತುಂಬುವ ಸದ್ದು ಕೊಡುತ್ತದೆ. ಇದನ್ನು ಬಳಸುವ ಸ್ಟೇಷನ್‌ಗಳು ಕಡಿಮೆ ಎನ್ನುವುದೇ ಬೇಸರ.

ಫ್ಲಾಕ್ ಏನನ್ನೂ ಕಳೆಯುವುದಿಲ್ಲ. ಸಿಡಿಯ ಮಾಹಿತಿಯನ್ನು ಜಾಣತನದಿಂದ ಮಡಚಿ ಕಳಿಸುತ್ತದೆ, ನಿಮ್ಮಲ್ಲಿ ಬಿಚ್ಚಿದಾಗ ಒಂದು ಬಿಟ್ ಕೂಡ ಬದಲಾಗದೆ ಅದೇ ಇರುತ್ತದೆ. ಬಿಟ್‌ರೇಟ್ ಹಾಡಿನಿಂದ ಹಾಡಿಗೆ ಬದಲಾಗುತ್ತದೆ, ಹೆಚ್ಚಾಗಿ 600ರಿಂದ 1,000 ಕಿಲೋಬಿಟ್ ನಡುವೆ ಇರುತ್ತದೆ.

ಎಲ್ಲಿ ಹುಡುಕಬೇಕು?

ಕೋಡೆಕ್ ಮತ್ತು ಬಿಟ್‌ರೇಟ್ ತೋರಿಸುವ ಪಟ್ಟಿಗಳಿಂದ ಶುರು ಮಾಡಿ. ಹೆಸರು ಮತ್ತು ಚಿತ್ರ ಮಾತ್ರ ತೋರಿಸುವ ಆ್ಯಪ್‌ಗಳಿಂದ ಈ ಕೆಲಸಕ್ಕೆ ಪ್ರಯೋಜನವಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ರೇಡಿಯೋ ಬ್ರೌಸರ್ ಎಂಬ ತಾಣ. ಜನರೇ ಸೇರಿ ಕಟ್ಟಿರುವ ಮುಕ್ತ ಪಟ್ಟಿ ಇದು. ಪ್ರತಿ ಸ್ಟೇಷನ್ ಎದುರು ಕೋಡೆಕ್, ಬಿಟ್‌ರೇಟ್ ಎರಡೂ ಇರುತ್ತವೆ. ಫ್ಲಾಕ್ ಮಾತ್ರ ಬೇಕು, 256ಕ್ಕಿಂತ ಮೇಲಿನವು ಮಾತ್ರ ಬೇಕು ಎಂದು ಜರಡಿ ಹಿಡಿಯಬಹುದು. ಆಂಡ್ರಾಯ್ಡ್‌ನ ರೇಡಿಯೋಡ್ರಾಯ್ಡ್, ಟ್ರಾನ್ಸಿಸ್ಟರ್ ಎಂಬ ಆ್ಯಪ್‌ಗಳು ಇದೇ ಪಟ್ಟಿಯಲ್ಲಿ ಹುಡುಕುತ್ತವೆ. ಯಾರು ಬೇಕಾದರೂ ಸೇರಿಸಬಹುದಾದ ಪಟ್ಟಿಯಾದ್ದರಿಂದ ಕೆಲವು ವಿವರ ತಪ್ಪಿರುತ್ತವೆ, ಒಂದೇ ಸ್ಟೇಷನ್ ನಾಲ್ಕಾರು ಸಲ ಬಂದಿರುತ್ತದೆ. ಹಾಗೆ ಬಂದಾಗ ಎಲ್ಲವನ್ನೂ ನೋಡಿ. ಅವುಗಳಲ್ಲಿ ಒಂದು 64ರದ್ದು, ಇನ್ನೊಂದು 320ರದ್ದು ಆಗಿರುವ ಸಾಧ್ಯತೆ ಇದೆ.

ಎಫ್ಎಂಸ್ಟ್ರೀಮ್ ಎಂಬ ಇನ್ನೊಂದು ತಾಣ ಒಂದೇ ಸ್ಟೇಷನ್‌ನ ಬೇರೆ ಬೇರೆ ಸ್ಟ್ರೀಮ್‌ಗಳನ್ನು ಒಟ್ಟಿಗೆ ಜೋಡಿಸಿ ತೋರಿಸುತ್ತದೆ. ದೇಶವಾರು ಹುಡುಕುವವರಿಗೆ ಇದು ಅನುಕೂಲ. ಐಸ್‌ಕಾಸ್ಟ್ ಡೈರೆಕ್ಟರಿ ಎಂಬ ಪಟ್ಟಿಯಲ್ಲಿ ಓಪಸ್, ವೋರ್ಬಿಸ್, ಫ್ಲಾಕ್ ಬಳಸುವ ಸಣ್ಣ ಸಣ್ಣ ಸ್ಟೇಷನ್‌ಗಳು ಸಿಗುತ್ತವೆ. ಒಬ್ಬಿಬ್ಬರೇ ಪ್ರೀತಿಯಿಂದ ನಡೆಸುವ ಇಂಥ ಸ್ಟೇಷನ್‌ಗಳಲ್ಲಿ ಕೆಲವೊಮ್ಮೆ ದೊಡ್ಡವರನ್ನು ಮೀರಿಸುವ ಸದ್ದು ಇರುತ್ತದೆ. ಇವತ್ತು ಇದ್ದದ್ದು ನಾಳೆ ಇಲ್ಲದೆಯೂ ಹೋಗಬಹುದು, ಅದಕ್ಕೆ ತಯಾರಿರಿ.

ಸ್ಟೇಷನ್‌ನ ಸ್ವಂತ ಪುಟಕ್ಕೆ ಹೋಗಿ

ಪಟ್ಟಿಯಲ್ಲಿ ಹೆಸರು ಸಿಕ್ಕ ಮೇಲೆ ಅಲ್ಲೇ ಕೇಳಿ ಬಿಟ್ಟುಬಿಡಬೇಡಿ. ಆ ಸ್ಟೇಷನ್‌ನ ವೆಬ್‌ಸೈಟ್ ತೆರೆಯಿರಿ. ಬಹಳಷ್ಟು ಸ್ಟೇಷನ್‌ಗಳು ಒಂದಕ್ಕಿಂತ ಹೆಚ್ಚು ಸ್ಟ್ರೀಮ್ ಇಟ್ಟಿರುತ್ತವೆ. ಪುಟದ ಮೇಲಿನ ದೊಡ್ಡ ಪ್ಲೇ ಗುಂಡಿ ಒತ್ತಿದರೆ ಎಲ್ಲ ಫೋನ್‌ಗಳಲ್ಲೂ ನಡೆಯುವ ಮಧ್ಯಮ ಗುಣಮಟ್ಟದ್ದು ಬರುತ್ತದೆ. ಒಳ್ಳೆಯದು ಬೇರೆ ಕಡೆ ಇರುತ್ತದೆ: ಹೇಗೆ ಕೇಳಬೇಕು ಎಂದು ವಿವರಿಸುವ ಪುಟದಲ್ಲಿ, ಸ್ಟ್ರೀಮ್ ಲಿಂಕ್‌ಗಳ ಪುಟದಲ್ಲಿ ಅಥವಾ ಪ್ರಶ್ನೋತ್ತರಗಳ ಪುಟದಲ್ಲಿ. ಹೈ ಕ್ವಾಲಿಟಿ, ಹೈಫೈ, ಎಚ್‌ಡಿ, ಲಾಸ್‌ಲೆಸ್ ಎಂಬ ಪದಗಳಿಗಾಗಿ ಕಣ್ಣಾಡಿಸಿ.

ಅಲ್ಲಿ ಸಿಗುವ ಲಿಂಕ್ ಎಂ3ಯು ಅಥವಾ ಪಿಎಲ್‌ಎಸ್ ಎಂದು ಕೊನೆಯಾಗುತ್ತಿದ್ದರೆ ಅದು ಹಾಡಿನ ಫೈಲ್ ಅಲ್ಲ, ಸ್ಟ್ರೀಮ್‌ನ ವಿಳಾಸ ಬರೆದಿಟ್ಟ ಪುಟ್ಟ ಪಠ್ಯದ ಫೈಲ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ವಿಳಾಸ ಕಾಣುತ್ತದೆ. ಆ ವಿಳಾಸವನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ಕಂಟ್ರೋಲ್ ಮತ್ತು ಎನ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಹಾಕಿ.

ವಿಳಾಸವನ್ನೇ ಗಮನವಿಟ್ಟು ಓದಿದರೂ ಸುಳಿವು ಸಿಗುತ್ತದೆ. ಅದರಲ್ಲಿ 64 ಅಥವಾ 128 ಎಂಬ ಅಂಕಿ ಇದ್ದರೆ ಅಲ್ಲಿ 192, 256, 320 ಎಂದು ಬದಲಿಸಿ ನೋಡಿ. ಎಷ್ಟೋ ಸಲ ಕೆಲಸ ಮಾಡುತ್ತದೆ.

ಇನ್ನೊಂದು ದಾರಿ ಇದೆ, ಇದು ನನಗೆ ಬಹಳ ಇಷ್ಟ. ತುಂಬಾ ಸ್ಟೇಷನ್‌ಗಳು ಐಸ್‌ಕಾಸ್ಟ್ ಎಂಬ ಸರ್ವರ್ ತಂತ್ರಾಂಶ ಬಳಸುತ್ತವೆ. ಅದಕ್ಕೆ ತನ್ನದೇ ಒಂದು ಸ್ಥಿತಿ-ಗತಿಯ ಪುಟ ಇರುತ್ತದೆ. ಸ್ಟ್ರೀಮ್ ವಿಳಾಸದಲ್ಲಿ ಕೊನೆಯ ಓರೆಗೆರೆಯ ನಂತರದ ಭಾಗ ಅಳಿಸಿ, ಅಲ್ಲಿ ಸ್ಟೇಟಸ್ ಡಾಟ್ ಎಕ್ಸ್ಎಸ್ಎಲ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಬ್ರೌಸರ್‌ನಲ್ಲಿ ತೆರೆಯಿರಿ. ಪುಟ ತೆರೆದುಕೊಂಡರೆ ಆ ಸರ್ವರ್‌ನಲ್ಲಿರುವ ಸ್ಟ್ರೀಮ್‌ಗಳೆಲ್ಲ ಸಾಲಾಗಿ ಕಾಣುತ್ತವೆ, ಬಿಟ್‌ರೇಟ್ ಮತ್ತು ಬಗೆಯ ಜೊತೆಗೆ. ವೆಬ್‌ಸೈಟ್‌ನಲ್ಲಿ ಎಲ್ಲೂ ಹೇಳದ ಒಳ್ಳೆಯ ಸ್ಟ್ರೀಮ್ ಅಲ್ಲಿ ಸಿಗಬಹುದು. ಶೌಟ್‌ಕಾಸ್ಟ್ ಸರ್ವರ್ ಆದರೆ ಬರೀ ವಿಳಾಸ ಮತ್ತು ಪೋರ್ಟ್ ಸಂಖ್ಯೆ ಹಾಕಿದರೂ ಇಂಥದೇ ಪುಟ ಬರುತ್ತದೆ. ದೊಡ್ಡ ಪ್ರಸಾರ ಸಂಸ್ಥೆಗಳು ಈ ಪುಟ ಮುಚ್ಚಿಟ್ಟಿರುತ್ತವೆ, ಅಲ್ಲಿ ಇದು ನಡೆಯುವುದಿಲ್ಲ.

ಲಿಂಕ್ ಎಲ್ಲೂ ಕಾಣದಿದ್ದರೆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಭಾಗ ತೆರೆದು, ಆಮೇಲೆ ಸ್ಟೇಷನ್ ಹಾಕಿ. ಮೀಡಿಯಾ ಎಂಬ ಬಗೆಯಲ್ಲಿ ಬರುವ ಸಾಲಿನಲ್ಲಿ ಹೆಚ್ಚಾಗಿ ಸ್ಟ್ರೀಮ್‌ನ ವಿಳಾಸ ಇರುತ್ತದೆ.

ನಿಮಗೆ ನಿಜಕ್ಕೂ ಬರುತ್ತಿರುವುದು ಏನು?

ಪಟ್ಟಿಯಲ್ಲಿ ಬರೆದಿರುವುದು ಒಂದು, ಬರುತ್ತಿರುವುದು ಇನ್ನೊಂದು ಆಗಿರಬಹುದು. ಸ್ಟೇಷನ್ ಘೋಷಿಸುವ ಬಿಟ್‌ರೇಟ್ ಯಾರೋ ಕೈಯಿಂದ ತುಂಬಿದ ಅಂಕಿ ಆಗಿರಬಹುದು, ಅದನ್ನು ಯಾರೂ ತಾಳೆ ನೋಡಿರುವುದಿಲ್ಲ.

ವಿಎಲ್‌ಸಿಯಲ್ಲಿ ಸ್ಟ್ರೀಮ್ ನಡೆಯುತ್ತಿರುವಾಗ ಕಂಟ್ರೋಲ್ ಮತ್ತು ಜೆ ಒತ್ತಿ. ಕೋಡೆಕ್ ಯಾವುದು, ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿದ್ದಾರೆ (ಸ್ಯಾಂಪಲ್ ರೇಟ್) ಎಂಬ ವಿವರ ಬರುತ್ತದೆ. ಎಎಸಿ ಆಗಿದ್ದು, ಕೆಳಗೆ ಎಸ್‌ಬಿಆರ್ ಎಂದು ಕಂಡರೆ ಅದು ಎಚ್ಇ-ಎಎಸಿ, ಅಂದರೆ ಮೇಲಿನ ಭಾಗ ಊಹೆಯದ್ದು. ಪಿಎಸ್ ಎಂದೂ ಸೇರಿದ್ದರೆ ಸ್ಟೀರಿಯೋ ಕೂಡ ಊಹೆಯದ್ದು. ಅದೇ ಕಿಟಕಿಯಲ್ಲಿ ಅಂಕಿ-ಅಂಶಗಳ ಭಾಗಕ್ಕೆ ಹೋದರೆ ನಿಜಕ್ಕೂ ಬರುತ್ತಿರುವ ಬಿಟ್‌ರೇಟ್ ಏರಿಳಿಯುವುದು ಕಾಣುತ್ತದೆ. ವಿಂಡೋಸ್‌ನಲ್ಲಿ ಫೂಬಾರ್2000 ಎಂಬ ಪ್ಲೇಯರ್ ಬಳಸುವವರಿಗೆ ಇನ್ನೂ ಸುಲಭ, ಈ ವಿವರ ಅದರ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಯಾವಾಗಲೂ ಇರುತ್ತದೆ.

ಎಚ್ಎಲ್ಎಸ್ ಎಂಬ ಬಗೆಯ ಸ್ಟ್ರೀಮ್‌ಗಳ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಇವುಗಳ ವಿಳಾಸ ಎಂ3ಯು8 ಎಂದು ಮುಗಿಯುತ್ತದೆ. ಸದ್ದು ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ. ನೆಟ್ ನಿಧಾನವಾದರೆ ಕೆಳಗಿನ ಗುಣಮಟ್ಟಕ್ಕೆ ತಾನಾಗಿಯೇ ಇಳಿಯುವಂತೆ ಬಹಳ ಕಡೆ ಇದನ್ನು ಹೊಂದಿಸಿರುತ್ತಾರೆ. ಸದ್ದು ನಿಲ್ಲುವುದಿಲ್ಲ, ಆದರೆ ಇಳಿದದ್ದು ನಿಮಗೆ ತಿಳಿಯುವುದೂ ಇಲ್ಲ. ಐಸ್‌ಕಾಸ್ಟ್‌ನ ನೇರ ಸ್ಟ್ರೀಮ್ ಹಾಗಲ್ಲ. ಬಂದರೆ ಅದೇ ಗುಣಮಟ್ಟದಲ್ಲಿ ಬರುತ್ತದೆ, ಆಗದಿದ್ದರೆ ನಿಂತುಬಿಡುತ್ತದೆ. ಪರೀಕ್ಷೆಗೆ ಇದೇ ವಾಸಿ.

ಈಗ ಕಿವಿಯ ಕೆಲಸ

ಇಷ್ಟಾದ ಮೇಲೆ ಕೇಳಬೇಕು. ಇದಕ್ಕೆ ಸಮಯ ಕೊಡಿ.

ಮೊದಲು ಚಪ್ಪಾಳೆ. ನೇರ ಕಛೇರಿಯ ಧ್ವನಿಮುದ್ರಣ ಬಂದಾಗ ಕೊನೆಯ ಚಪ್ಪಾಳೆಯನ್ನು ಗಮನಿಸಿ. ಒಳ್ಳೆಯ ಸ್ಟ್ರೀಮ್‌ನಲ್ಲಿ ಹತ್ತಿರದ ಕೈಗಳ ಸದ್ದು ಬಿಡಿ ಬಿಡಿಯಾಗಿ ಕೇಳುತ್ತದೆ, ದೂರದವರದು ಹಿಂದೆ ಇರುತ್ತದೆ. ಕೆಟ್ಟದರಲ್ಲಿ ಎಲ್ಲ ಸೇರಿ ಬಾಣಲೆಯಲ್ಲಿ ಏನೋ ಹುರಿದ ಹಾಗಾಗುತ್ತದೆ. ಚಪ್ಪಾಳೆಯಲ್ಲಿ ಎಲ್ಲ ಕಂಪನಗಳೂ ಒಟ್ಟಿಗೆ, ಯಾವ ಕ್ರಮವೂ ಇಲ್ಲದೆ ಇರುವುದರಿಂದ ಯಾವುದನ್ನು ಬಿಡುವುದು ಎಂದು ಕೋಡೆಕ್‌ಗೆ ತಿಳಿಯದಾಗುತ್ತದೆ.

ಆಮೇಲೆ ಡ್ರಮ್ ಸೆಟ್‌ನ ಸಿಂಬಲ್, ಅಂದರೆ ತಾಳದಂಥ ಲೋಹದ ತಟ್ಟೆ. ಹೊಡೆದ ಮೇಲೆ ಅದರ ನಾದ ನಿಧಾನವಾಗಿ, ನಯವಾಗಿ ಕರಗಬೇಕು. ಕರಗುವಾಗ ನೀರಿನೊಳಗಿಂದ ಬಂದಂತೆ ಅಲುಗಾಡಿದರೆ ಬಿಟ್‌ರೇಟ್ ಸಾಲುತ್ತಿಲ್ಲ ಎಂದೇ ಅರ್ಥ. ಹಾಡುಗಾರರ ಸ, ಶ ಅಕ್ಷರಗಳೂ ಹಾಗೆಯೇ. ಅವು ಚುಚ್ಚಿದರೆ ಅಥವಾ ಉಗುಳಿದಂತೆ ಒಡೆದರೆ ಎಲ್ಲೋ ಒಂದು ಕಡೆ ಹೆಚ್ಚು ಕುಗ್ಗಿಸಿದ್ದಾರೆ.

ಪಿಯಾನೋದ ಒಂದೇ ಸ್ವರ ಹೊಮ್ಮುವ ಕ್ಷಣ ಚೂಪಾಗಿರಬೇಕು, ಅದಕ್ಕೆ ಒಂದು ಕ್ಷಣ ಮೊದಲೇ ಮಸುಕಾದ ಮುನ್ಸದ್ದು ಕೇಳಬಾರದು. ಕೊನೆಗೆ ಸ್ಟೀರಿಯೋ. ಕಣ್ಣು ಮುಚ್ಚಿದರೆ ಯಾವ ವಾದ್ಯ ಎಲ್ಲಿದೆ ಎಂದು ಕೈ ತೋರಿಸಲು ಆಗುತ್ತದಾ? ಎಲ್ಲವೂ ತಲೆಯ ಮಧ್ಯದಲ್ಲೇ ಒತ್ತಿಕೊಂಡಿದ್ದರೆ ಆ ಸ್ಟ್ರೀಮ್ ಬೇಡ.

ಎರಡು ಸ್ಟೇಷನ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳುವುದು ಬಹಳ ಮುಖ್ಯ. ಸ್ವಲ್ಪ ಜೋರಾಗಿರುವುದನ್ನೇ ಕಿವಿ ಚೆನ್ನಾಗಿದೆ ಎಂದು ಆರಿಸುತ್ತದೆ. ವ್ಯತ್ಯಾಸ ತೀರಾ ಸಣ್ಣದಾದರೆ ಜೋರು ಎಂದು ಅನಿಸುವುದೂ ಇಲ್ಲ, ಸ್ಪಷ್ಟ ಎಂದೇ ಅನಿಸುತ್ತದೆ. ಸಾಧ್ಯವಾದರೆ ಯಾವುದು ಯಾವುದೆಂದು ಹೇಳದೆ ಇನ್ನೊಬ್ಬರು ಬದಲಿಸಲಿ, ನೀವು ಬರೀ ಕೇಳಿ. ಅಂಕಿ ನೋಡಿ ಕೇಳುವುದಕ್ಕೂ ನೋಡದೆ ಕೇಳುವುದಕ್ಕೂ ಬಹಳ ಅಂತರವಿದೆ.

ಜೋರು ಮಾಡಿ ಹಾಳು ಮಾಡುವುದು

ನನ್ನ ಅನುಭವದಲ್ಲಿ ಸ್ಟೇಷನ್‌ಗಳ ಸದ್ದು ಕೆಡುವುದು ಬಿಟ್‌ರೇಟ್‌ನಿಂದಲ್ಲ, ಇದರಿಂದಲೇ ಜಾಸ್ತಿ. ಹಳೆಯ ಎಫ್ಎಂ ಕಾಲದಿಂದ ಒಂದು ಪೈಪೋಟಿ ನಡೆದು ಬಂದಿದೆ: ಡಯಲ್ ತಿರುಗಿಸುವವರ ಕಿವಿಗೆ ನಮ್ಮ ಸ್ಟೇಷನ್ನೇ ಜೋರಾಗಿ ಬೀಳಬೇಕು. ಅದಕ್ಕಾಗಿ ಮೆಲ್ಲಗಿನ ಸದ್ದನ್ನು ಎತ್ತಿ, ಜೋರಿನದನ್ನು ತಗ್ಗಿಸಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ತರುವ ಯಂತ್ರಗಳನ್ನು ಬಳಸುತ್ತಾರೆ. ಕಾರಿನ ಗದ್ದಲದಲ್ಲಿ ಇದರಿಂದ ಅನುಕೂಲ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮನೆಯಲ್ಲಿ ಕೂತು ಕೇಳುವವರಿಗೆ ಸಂಗೀತದ ಜೀವವೇ ಹೋಗುತ್ತದೆ. ಮೆಲ್ಲಗೆ ಶುರುವಾಗಿ ಏರಬೇಕಾದ ಹಾಡು ಮೊದಲಿನಿಂದಲೂ ಒಂದೇ ಮಟ್ಟದಲ್ಲಿರುತ್ತದೆ. ಸ್ವಲ್ಪ ಹೊತ್ತಿಗೇ ಕಿವಿ ದಣಿಯುತ್ತದೆ, ಯಾಕೆ ಎಂದು ಗೊತ್ತಾಗುವುದಿಲ್ಲ.

ಇದನ್ನು ಕಂಡುಹಿಡಿಯುವುದು ಸುಲಭ. ಹಾಡಿನ ಕೊನೆ ಕರಗುತ್ತಿರುವಾಗ ಹಿನ್ನೆಲೆಯ ಸದ್ದು ಇದ್ದಕ್ಕಿದ್ದಂತೆ ಮೇಲೆದ್ದು ಬಂದರೆ ಯಂತ್ರ ಕೆಲಸ ಮಾಡುತ್ತಿದೆ. ಡ್ರಮ್ ಬಿದ್ದಾಗಲೆಲ್ಲ ಹಾಡುಗಾರರ ದನಿ ಕುಗ್ಗಿ ಮತ್ತೆ ಏಳುತ್ತಿದ್ದರೂ ಅದೇ ಕಾರಣ. ನಿಮಗೆ ಚೆನ್ನಾಗಿ ಗೊತ್ತಿರುವ, ನಿಮ್ಮ ಹತ್ತಿರವೇ ಸಿಡಿ ಅಥವಾ ಒಳ್ಳೆಯ ಫೈಲ್ ಇರುವ ಹಾಡು ಬಂದಾಗ ಎರಡನ್ನೂ ಹೋಲಿಸಿ.

ಇನ್ನೊಂದು ಒಳ್ಳೆಯ ಗುರುತು ಇದೆ. ಒಂದು ಸ್ಟೇಷನ್ ಉಳಿದವುಗಳಿಗಿಂತ ಮೆಲ್ಲಗೆ ಕೇಳಿ, ನೀವು ವಾಲ್ಯೂಮ್ ಏರಿಸಬೇಕಾಗಿ ಬಂದರೆ ಖುಷಿಪಡಿ. ಬಹುಶಃ ಅವರು ಸಂಗೀತದ ಏರಿಳಿತವನ್ನು ಹಾಗೇ ಬಿಟ್ಟಿದ್ದಾರೆ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಈ ಜೋರಿನ ಪೈಪೋಟಿ ತಗ್ಗಿಸಲೆಂದೇ 2010ರಲ್ಲಿ ಆರ್128 ಎಂಬ ಶಿಫಾರಸು ತಂದಿತು. ಕಾರ್ಯಕ್ರಮದ ಒಟ್ಟು ಜೋರನ್ನು ಹೇಗೆ ಅಳೆಯಬೇಕು, ಎಷ್ಟಿರಬೇಕು ಎಂದು ಅದು ಹೇಳುತ್ತದೆ.

ಕಣ್ಣಿನಿಂದಲೂ ನೋಡಬಹುದು

ಕಿವಿಯ ಮೇಲೆ ಅನುಮಾನವಿದ್ದರೆ ಚಿತ್ರ ನೋಡಿ. ವಿಎಲ್‌ಸಿಯ ವ್ಯೂ ಪಟ್ಟಿಯಲ್ಲಿ ಅಡ್ವಾನ್ಸ್ಡ್ ಕಂಟ್ರೋಲ್ಸ್ ಆನ್ ಮಾಡಿದರೆ ಕೆಂಪು ರೆಕಾರ್ಡ್ ಗುಂಡಿ ಬರುತ್ತದೆ. ಎರಡು ಮೂರು ಹಾಡು ರೆಕಾರ್ಡ್ ಮಾಡಿಕೊಳ್ಳಿ. ಆ ಫೈಲನ್ನು ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ಅಡ್ಡಕ್ಕೆ ಸಮಯ, ಉದ್ದಕ್ಕೆ ಕಂಪನ ಇರುವ ಬಣ್ಣದ ಚಿತ್ರ ಬರುತ್ತದೆ.

320 ಎಂದು ಹೇಳಿಕೊಂಡ ಸ್ಟ್ರೀಮ್‌ನಲ್ಲಿ ಬಣ್ಣ 20 ಕಿಲೋಹರ್ಟ್ಸ್ ಹತ್ತಿರದವರೆಗೂ ಇರಬೇಕು. ಎಲ್ಲ ಹಾಡುಗಳಲ್ಲೂ 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಸಿದಂತೆ ಗೆರೆ ಎದ್ದು ಕಂಡರೆ, ಎಲ್ಲೋ ಹಿಂದೆ ಅದು 128ರ ಎಂಪಿ3 ಆಗಿತ್ತು ಎಂಬ ಅನುಮಾನ ಬಲವಾಗುತ್ತದೆ. ಒಮ್ಮೆ ಕಳೆದ ಮಾಹಿತಿ 320ರಲ್ಲಿ ಮತ್ತೆ ಸುತ್ತಿದರೂ ತಿರುಗಿ ಬರುವುದಿಲ್ಲ, ಫ್ಲಾಕ್‌ನಲ್ಲಿ ಸುತ್ತಿದರೂ ಅಷ್ಟೆ. ಗೆರೆ 15ರಲ್ಲಿದ್ದರೆ ಅವರು ಎಫ್ಎಂಗೆ ತಯಾರು ಮಾಡಿದ ಸದ್ದನ್ನೇ ನೆಟ್‌ಗೂ ಹರಿಸುತ್ತಿರಬಹುದು. ಸ್ಟೀರಿಯೋ ಎಫ್ಎಂನಲ್ಲಿ 19 ಕಿಲೋಹರ್ಟ್ಸ್‌ನಲ್ಲಿ ಒಂದು ಸಂಕೇತ ಇಡಬೇಕಾದ್ದರಿಂದ ಸಂಗೀತವನ್ನು 15ಕ್ಕೆ ನಿಲ್ಲಿಸುತ್ತಾರೆ.

15ರಿಂದ ಮೇಲಿನದ್ದು ವಯಸ್ಸಾದ ಕಿವಿಗಳಿಗೆ ಹೇಗೂ ಕೇಳುವುದಿಲ್ಲ, ಅಲ್ವಾ ಎಂದು ನೀವು ಕೇಳಬಹುದು. ನಿಜ. ಆ ಗೆರೆಯೇ ಕೇಡಲ್ಲ. ಕೆಳಗೆ, ನಮಗೆ ಕೇಳುವ ಭಾಗದಲ್ಲೂ ಮಾಹಿತಿ ಕಳೆದುಹೋಗಿರಬಹುದು ಎನ್ನುವುದರ ಸುಳಿವು ಅದು. ಹಾಗೆಯೇ ಒಂದೇ ಹಾಡು ನೋಡಿ ತೀರ್ಮಾನಕ್ಕೆ ಬರಬೇಡಿ. ಹಳೆಯ ಧ್ವನಿಮುದ್ರಣಗಳಲ್ಲಿ ಮೇಲಿನ ಕಂಪನಗಳು ಮೊದಲೇ ಇರುವುದಿಲ್ಲ.

ಶುರು ಮಾಡಲು ಕೆಲವು ಸ್ಟೇಷನ್‌ಗಳು

ಒಳ್ಳೆಯ ಸದ್ದು ಹೇಗಿರುತ್ತದೆ ಎಂದು ಕಿವಿಗೆ ಪರಿಚಯವಾಗದೆ ಕೆಟ್ಟದ್ದು ಗೊತ್ತಾಗುವುದಿಲ್ಲ. ಅದಕ್ಕೆ ಇವುಗಳಿಂದ ಶುರು ಮಾಡಿ.

ರೇಡಿಯೋ ಪ್ಯಾರಡೈಸ್ ಅನ್ನು ಬಿಲ್ ಮತ್ತು ರೆಬೆಕಾ ಗೋಲ್ಡ್‌ಸ್ಮಿತ್ ದಂಪತಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2000ದಲ್ಲಿ ಶುರು ಮಾಡಿದರು. ಜಾಹೀರಾತು ಇಲ್ಲ, ಕೇಳುಗರ ದೇಣಿಗೆಯಿಂದ ನಡೆಯುತ್ತದೆ. ಹಾಡುಗಳನ್ನು ಮನುಷ್ಯರೇ ಆರಿಸಿ, ಒಂದಕ್ಕೊಂದು ಹೊಂದುವಂತೆ ಜೋಡಿಸುತ್ತಾರೆ. ಫ್ಲಾಕ್ ಸ್ಟ್ರೀಮ್ ಇದೆ, 320ರ ಎಎಸಿ ಇದೆ, ಡೇಟಾ ಕಡಿಮೆ ಇರುವವರಿಗೆ ಚಿಕ್ಕವೂ ಇವೆ. ಹೋಲಿಕೆ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಒಂದೇ ಸ್ಟೇಷನ್, ಅದೇ ಹಾಡು, ಗುಣಮಟ್ಟ ಮಾತ್ರ ಬದಲಿಸಿ ಕೇಳಬಹುದು.

ಸೋಮಾ ಎಫ್ಎಂ ಕೂಡ 2000ದಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ್ದು, ಇದೂ ದೇಣಿಗೆಯಿಂದ ನಡೆಯುವಂಥದ್ದು. ಮೂವತ್ತಕ್ಕೂ ಹೆಚ್ಚು ಚಾನೆಲ್‌ಗಳಿವೆ. ಪ್ರತಿ ಚಾನೆಲ್‌ಗೂ ಯಾವ ಯಾವ ಸ್ಟ್ರೀಮ್ ಇದೆ ಎಂದು ನೇರವಾಗಿ ಲಿಂಕ್ ಕೊಟ್ಟಿರುತ್ತಾರೆ. ಈ ಪ್ರಾಮಾಣಿಕತೆಯೇ ಒಂದು ಒಳ್ಳೆಯ ಲಕ್ಷಣ.

ಫ್ರಾನ್ಸ್‌ನ ಸರ್ಕಾರಿ ರೇಡಿಯೋದ ಫಿಪ್ 1971ರಿಂದ ಇದೆ. ಜಾಜ್, ರಾಕ್, ಶಾಸ್ತ್ರೀಯ, ಜಗತ್ತಿನ ನಾನಾ ಕಡೆಯ ಹಾಡು ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ, ಮಾತು ಬಹಳ ಕಡಿಮೆ. ಇದರ ಹೈಫೈ ಎಂಬ ಸ್ಟ್ರೀಮ್ 192ರ ಎಎಸಿ. ಜೆಕ್ ದೇಶದ ಸರ್ಕಾರಿ ರೇಡಿಯೋ ತನ್ನ ಡಿ-ಡೂರ್ ಎಂಬ ಶಾಸ್ತ್ರೀಯ ಸಂಗೀತದ ಸ್ಟೇಷನ್ನನ್ನು ಫ್ಲಾಕ್‌ನಲ್ಲೂ ಕೊಟ್ಟಿದೆ. ಸರ್ಕಾರಿ ಸಂಸ್ಥೆಯೊಂದು ಇಷ್ಟು ಶ್ರದ್ಧೆ ತೋರಿದ್ದು ನೋಡಿ ಸಂತೋಷವಾಗುತ್ತದೆ.

ಬಿಬಿಸಿ ರೇಡಿಯೋ 3ರದ್ದು 320ರ ಎಎಸಿ, 2010ರಿಂದಲೇ ಇದೆ. ನೇರ ಕಛೇರಿಗಳ ಪ್ರಸಾರದಲ್ಲಿ ಅವರ ಕೈ ಪಳಗಿದೆ. ಆದರೆ ಈ ಮೇಲಿನ ಗುಣಮಟ್ಟ ಬ್ರಿಟನ್ ಒಳಗಿರುವವರಿಗೆ. ಬೇರೆ ದೇಶಗಳಲ್ಲಿ ಕಡಿಮೆಯದ್ದು ಸಿಗುತ್ತದೆ. ಒಂದು ಸ್ಟೇಷನ್ ಬಗ್ಗೆ ಯಾರೋ ಹೊಗಳಿದ್ದು ನಿಮಗೆ ಹಾಗೆ ಕೇಳಿಸದಿದ್ದರೆ ಇಂಥ ಕಾರಣವೂ ಇರಬಹುದು.

ಹೈಫೈ ಉಪಕರಣ ಮಾಡುವ ಲಿನ್ ಮತ್ತು ನೇಮ್ ಕಂಪನಿಗಳೂ ಸ್ವಂತ ರೇಡಿಯೋ ನಡೆಸುತ್ತ ಬಂದಿವೆ. ಲಿನ್‌ನ ಜಾಜ್ ಮತ್ತು ಕ್ಲಾಸಿಕಲ್ ಸ್ಟ್ರೀಮ್‌ಗಳು 320ರ ಎಂಪಿ3.

ಸ್ವಿಟ್ಜರ್ಲೆಂಡಿನ ರೇಡಿಯೋ ಸ್ವಿಸ್ ಜಾಜ್, ಸ್ವಿಸ್ ಕ್ಲಾಸಿಕ್ ಇವುಗಳನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಇವುಗಳ ಎಂಪಿ3 ಸ್ಟ್ರೀಮ್ ಬರೀ 128. ಆದರೂ ಸದ್ದು ಶುಚಿಯಾಗಿದೆ, ಗಂಟೆಗಟ್ಟಲೆ ಕೇಳಿದರೂ ದಣಿವಾಗುವುದಿಲ್ಲ. 320 ಎಂದು ಬೋರ್ಡು ಹಾಕಿಕೊಂಡ ಎಷ್ಟೋ ಸ್ಟೇಷನ್‌ಗಳಿಗಿಂತ ಇದು ನನಗೆ ಇಷ್ಟ.

ಫ್ಲಾಕ್ ಬೇಕೇ ಬೇಕಾ?

ಬೇಕೇ ಬೇಕು ಅಂತಿಲ್ಲ. ಲೆಕ್ಕ ಹೀಗಿದೆ: 128 ಕಿಲೋಬಿಟ್‌ಗೆ ಗಂಟೆಗೆ ಸುಮಾರು 58 ಎಂಬಿ, 320ಕ್ಕೆ 144 ಎಂಬಿ, 900 ಕಿಲೋಬಿಟ್ ಹತ್ತಿರ ಓಡುವ ಫ್ಲಾಕ್‌ಗೆ 405 ಎಂಬಿ. ಮನೆಯ ವೈಫೈ, ಒಳ್ಳೆಯ ಸ್ಪೀಕರ್ ಇದ್ದರೆ ಫ್ಲಾಕ್ ಹಾಕಿ, ಆರಾಮಾಗಿ ಕೇಳಿ. ದಾರಿಯಲ್ಲಿ ಹೋಗುತ್ತ ಬ್ಲೂಟೂತ್‌ನಲ್ಲಿ ಕೇಳುವುದಾದರೆ 128ರಿಂದ 192ರ ಎಎಸಿ ಸಾಕು, ಡೇಟಾ ಸುಮ್ನೆ ಯಾಕೆ ಕಳೆಯಬೇಕು? ಸಿಡಿಗಿಂತಲೂ ಸೂಕ್ಷ್ಮ ಅಳತೆಯ 24 ಬಿಟ್, 96 ಅಥವಾ 192 ಕಿಲೋಹರ್ಟ್ಸ್ ಎಂದು ಹೇಳಿಕೊಳ್ಳುವ ಸ್ಟೇಷನ್‌ಗಳೂ ಇವೆ. ಅಂಕಿಗಾಗಿ ಅವುಗಳ ಹಿಂದೆ ಓಡಬೇಡಿ. ಸಂಗೀತ ಇಷ್ಟವಾದರೆ ಕೇಳಿ.

ಫ್ಲಾಕ್ ತಡೆದು ತಡೆದು ಬಂದರೆ ಸ್ಟೇಷನ್ ಬಿಡುವ ಮುಂಚೆ ಬಫರ್, ಅಂದರೆ ಪ್ಲೇಯರ್ ಮುಂಗಡವಾಗಿ ತುಂಬಿಕೊಳ್ಳುವ ಸದ್ದಿನ ಪ್ರಮಾಣ, ಹೆಚ್ಚಿಸಿ. ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಕೆಳಗೆ ಆಲ್ ಎಂಬುದನ್ನು ಆರಿಸಿ, ಇನ್‌ಪುಟ್ ಭಾಗಕ್ಕೆ ಹೋದರೆ ನೆಟ್‌ವರ್ಕ್ ಕ್ಯಾಶಿಂಗ್ ಎಂದಿರುತ್ತದೆ. ಅಲ್ಲಿ 1,000 ಇರುವ ಕಡೆ 5,000 ಮಾಡಿ. ಶುರುವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆಮೇಲೆ ನಿಲ್ಲದೆ ಬರುತ್ತದೆ.

ಸಿಕ್ಕಿದ್ದನ್ನು ಉಳಿಸಿಕೊಳ್ಳಿ

ಪರೀಕ್ಷೆ ಮಾಡಿ ಆರಿಸಿದ ಸ್ಟ್ರೀಮ್‌ಗಳ ವಿಳಾಸಗಳನ್ನು ಒಂದು ಪಠ್ಯದ ಫೈಲ್‌ನಲ್ಲಿ ಸಾಲಿಗೊಂದರಂತೆ ಬರೆದು, ಹೆಸರಿನ ಕೊನೆಗೆ ಎಂ3ಯು ವಿಸ್ತರಣೆ ಕೊಟ್ಟು ಉಳಿಸಿ. ಅದೇ ನಿಮ್ಮ ಸ್ವಂತ ರೇಡಿಯೋ ಪಟ್ಟಿ. ವಿಎಲ್‌ಸಿ, ಫೂಬಾರ್2000 ಮತ್ತು ಬಹುತೇಕ ಪ್ಲೇಯರ್‌ಗಳಲ್ಲಿ ತೆರೆಯುತ್ತದೆ. ಯಾವ ಆ್ಯಪ್ ಮುಚ್ಚಿದರೂ ಪಟ್ಟಿ ನಿಮ್ಮ ಹತ್ತಿರವೇ ಇರುತ್ತದೆ. ಪ್ರತಿ ವಿಳಾಸದ ಮೇಲಿನ ಸಾಲಿನಲ್ಲಿ ಹ್ಯಾಶ್ ಗುರುತು ಹಾಕಿ ಸ್ಟೇಷನ್ ಹೆಸರು, ಕೋಡೆಕ್, ಬಿಟ್‌ರೇಟ್ ಮತ್ತು ಅದರ ವೆಬ್‌ಸೈಟ್ ಬರೆದಿಡಿ. ಹ್ಯಾಶ್ ಇರುವ ಸಾಲನ್ನು ಪ್ಲೇಯರ್ ನುಡಿಸಲು ಹೋಗುವುದಿಲ್ಲ.

ಸ್ಟ್ರೀಮ್ ವಿಳಾಸಗಳು ಆಗಾಗ ಬದಲಾಗುತ್ತವೆ. ಬರೀ ಅಂಕಿಗಳ ಸರ್ವರ್ ವಿಳಾಸಕ್ಕಿಂತ ಸ್ಟೇಷನ್‌ನ ಹೆಸರಿರುವ ವಿಳಾಸ ಹೆಚ್ಚು ದಿನ ಬಾಳುತ್ತದೆ, ಎರಡೂ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಒಂದು ದಿನ ಸದ್ದು ಬರದಿದ್ದರೆ ಸ್ಟೇಷನ್ ಮುಚ್ಚಿತು ಎಂದುಕೊಳ್ಳಬೇಡಿ, ಬರೆದಿಟ್ಟ ವೆಬ್‌ಸೈಟ್‌ಗೆ ಹೋಗಿ ಹೊಸ ಲಿಂಕ್ ಇದೆಯಾ ನೋಡಿ. ಸದ್ದು ಬಂದು, ಮೊದಲಿನಂತೆ ಇಲ್ಲ ಎನಿಸಿದರೆ ಕಂಟ್ರೋಲ್ ಮತ್ತು ಜೆ ಒತ್ತಿ ಮತ್ತೊಮ್ಮೆ ತಾಳೆ ನೋಡಿ. ಬದಲಾಗಿದ್ದರೆ ಸ್ಟೇಷನ್‌ನವರಿಗೆ ಒಂದು ಇಮೇಲ್ ಬರೆಯಿರಿ. ಯಾವ ಹೊತ್ತಿಗೆ, ಯಾವ ಸ್ಟ್ರೀಮ್, ಏನು ಕೇಳಿಸಿತು ಎಂದು ವಿವರವಾಗಿ ಬರೆದರೆ ಸಣ್ಣ ಸ್ಟೇಷನ್‌ಗಳವರು ಅದನ್ನು ಆಸಕ್ತಿಯಿಂದ ಓದುತ್ತಾರೆ. ಅವರಲ್ಲಿ ಹಲವರು ಕೇಳುಗರ ದೇಣಿಗೆಯ ಮೇಲೆ ನಡೆಯುತ್ತಿರುವವರು. ದಿನವೂ ಕೇಳುವ ಸ್ಟೇಷನ್ ಒಂದಿದ್ದರೆ ಆಗುವಷ್ಟು ಕೊಡಿ.